ಆಸ್ಪತ್ರೆಯ ಬಯೋಬ್ಯಾಂಕ್‌ನಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್: ದಾವಣಗೆರೆ ಕಡೆ ಮಾಡಿದವರು ಇದ್ದೀರಾ?

ಹರಿಹರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಮೂರನೇ ಸೆಮಿಸ್ಟರ್. ದಿನಾ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಓಡಾಡುತ್ತೇನೆ. ನಗರದ ಒಂದು ಆಸ್ಪತ್ರೆಯಲ್ಲಿ ಸಂಶೋಧನೆಗೆ ಅಂತ ರಕ್ತ, ಗಡ್ಡೆಯ ತುಣುಕು ಎಲ್ಲ ಕೂಡಿಡುವ ಬಯೋಬ್ಯಾಂಕ್ ಇದೆ. ಅಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ. ಸ್ಟೈಪೆಂಡ್ ಇಲ್ಲ. ಬಸ್ ಚಾರ್ಜು, ಬುತ್ತಿ ನಮ್ಮದೇ.

ವಿಷಯ ಹೇಳಿದಾಗ ಅಪ್ಪಾಜಿ, "ಇಷ್ಟು ವರ್ಷ ಓದಿ ಫ್ರಿಜ್ ಕಾಯೋಕೆ ಹೋಗ್ತೀಯೇನಮ್ಮ?" ಅಂದರು. ಅವರು ಬೈದು ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೆಳತಿಯರು ಬೆಂಗಳೂರಿಗೆ ಹೋಗಿ ಪಿಸಿಆರ್, ಸೀಕ್ವೆನ್ಸಿಂಗ್‌ನಂಥ ಡಿಎನ್‌ಎ ಪರೀಕ್ಷೆಯ ತಂತ್ರ ಕಲಿಯುತ್ತಿದ್ದಾರೆ. ನಾನು ಟ್ಯೂಬಿಗೆ ಸ್ಟಿಕ್ಕರ್ ಅಂಟಿಸುತ್ತಾ ಕೂತರೆ ಮುಂದೆ ಕೆಲಸಕ್ಕೆ ಏನು ಪ್ರಯೋಜನ? ಗೊತ್ತಿದ್ದವರು ದಯವಿಟ್ಟು ಹೇಳಿ.

ನೇರಳೆ ಮುಚ್ಚಳ

ತಂಗಿ, ನಾನು ಹದಿನಾಲ್ಕು ವರ್ಷದಿಂದ ಲ್ಯಾಬ್ ಟೆಕ್ನಿಶಿಯನ್. ಮೂರು ವರ್ಷ ಸಂಶೋಧನೆಯ ಸ್ಯಾಂಪಲ್ ನೋಡಿಕೊಂಡಿದ್ದೇನೆ. ಹೋಗು. ಆದರೆ ಸುಮ್ನೆ ಹೋಗಬೇಡ, ಒಂದಿಷ್ಟು ತಿಳಿದುಕೊಂಡು ಹೋಗು.

ಮೊದಲು ಹೆಪಟೈಟಿಸ್ ಬಿ ಲಸಿಕೆ. ಮೂರು ಡೋಸ್: ಇವತ್ತು ಒಂದು, ತಿಂಗಳು ಬಿಟ್ಟು ಒಂದು, ಮೊದಲನೆಯದರಿಂದ ಆರು ತಿಂಗಳಿಗೆ ಒಂದು. ಇನ್ನೂ ಹಾಕಿಸಿಲ್ಲ ಅಂದರೆ ಈ ವಾರವೇ ಶುರು ಮಾಡು. ಅಪ್ಪಿತಪ್ಪಿ ಸೂಜಿ ಚುಚ್ಚಿದರೆ ಬೆರಳು ಹಿಂಡಬಾರದು. ಹರಿಯುವ ನೀರು, ಸೋಪು ಹಾಕಿ ತೊಳೆದು ತಕ್ಷಣ ಮೇಲಿನವರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು. ಎರಡು ಗಂಟೆಯೊಳಗೆ ಆದರೆ ಇನ್ನೂ ಒಳ್ಳೆಯದು. ಬೈತಾರೆ ಅಂತ ಹೆದರಿ ಮುಚ್ಚಿಟ್ಟ ಹುಡುಗರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಕೈಕೆಲಸ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಇರುತ್ತದೆ, ರಕ್ತ ಹೆಪ್ಪುಗಟ್ಟಬಾರದು ಅಂತ. ಅದನ್ನು ಎಂಟು ಹತ್ತು ಸಲ ಮೆತ್ತಗೆ ತಲೆಕೆಳಗು ಮಾಡಬೇಕು. ಜೋರಾಗಿ ಅಲ್ಲಾಡಿಸಿದರೆ ಕೆಂಪು ಕಣಗಳು ಒಡೆಯುತ್ತವೆ, ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಥ ಭಾಗ, ಕೆಂಪಗಾಗಿ ಬರುತ್ತದೆ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಬೇಕಾದ ಟ್ಯೂಬನ್ನು ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ ಹೆಪ್ಪುಗಟ್ಟಲು ಬಿಡಬೇಕು. ಆಮೇಲೆ ಸೆಂಟ್ರಿಫ್ಯೂಜ್, ಅಂದರೆ ಟ್ಯೂಬನ್ನು ಗಿರಗಿರ ತಿರುಗಿಸಿ ಪದರ ಬೇರ್ಪಡಿಸುವ ಮಷಿನ್. ಇಲ್ಲಿ ಎಲ್ಲರೂ ಎಡವುತ್ತಾರೆ. "3000 ಆರ್‌ಪಿಎಂ, ಹತ್ತು ನಿಮಿಷ" ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಆದರೆ ಟ್ಯೂಬಿನ ಮೇಲೆ ಬೀಳುವ ಬಲ ಟ್ಯೂಬ್ ಕೂರಿಸಿ ತಿರುಗಿಸುವ ರೋಟರ್ ಎಷ್ಟು ದೊಡ್ಡದು ಅನ್ನುವುದರ ಮೇಲೆ ನಿಂತಿದೆ. 10 ಸೆಂ.ಮೀ. ತ್ರಿಜ್ಯದ ಮಷಿನ್‌ನಲ್ಲಿ ನಿಮಿಷಕ್ಕೆ 3000 ಸುತ್ತು ಅಂದರೆ ಹತ್ತಿರ ಹತ್ತಿರ 1000 ಜಿ, ಅಂದರೆ ಭೂಮಿಯ ಸೆಳೆತದ ಸಾವಿರ ಪಟ್ಟು. 16 ಸೆಂ.ಮೀ. ಇದ್ದರೆ ಅದೇ 3000ಕ್ಕೆ 1600 ಜಿ. ಎರಡು ಆಸ್ಪತ್ರೆಯ ಸ್ಯಾಂಪಲ್ ಹೋಲಿಸಬೇಕಾದರೆ ಇದು ಗೊತ್ತಿರಬೇಕು, ಅಲ್ವಾ? ನಿನ್ನ ಮಷಿನ್‌ನ ರೋಟರ್ ಅಳತೆ ಮೊದಲ ದಿನವೇ ಬರೆದುಕೋ.

ತಿರುಗಿಸಿ ತೆಗೆದ ಮೇಲೆ ನೇರಳೆ ಟ್ಯೂಬಿನಲ್ಲಿ ಮೂರು ಪದರ ಕಾಣುತ್ತದೆ. ಮೇಲೆ ಹಳದಿ ಪ್ಲಾಸ್ಮಾ, ಕೆಳಗೆ ಕೆಂಪು, ನಡುವೆ ಹಾಲಿನ ಕೆನೆಯಂಥ ತೆಳು ಬಿಳಿ ಗೆರೆ. ಅದೇ ಬಫಿ ಕೋಟ್. ಬಿಳಿ ರಕ್ತಕಣ ಇರುವುದು ಅಲ್ಲಿ, ಡಿಎನ್‌ಎ ತೆಗೆಯುವುದು ಅದರಿಂದ. ಪ್ಲಾಸ್ಮಾ ಎಳೆಯುವಾಗ ಪಿಪೆಟ್ ತುದಿ ಆ ಗೆರೆಗೆ ತಾಗಬಾರದು. ಇದು ಕೈಗೆ ಕೂರಲು ಎರಡು ವಾರ ಬೇಕು. ಆಮೇಲೆ ಸಣ್ಣ ಸಣ್ಣ ಕ್ರಯೋವಯಲ್‌ಗಳಿಗೆ ಅರ್ಧರ್ಧ ಎಂಎಲ್ ಹಂಚಿ ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿ ಇಡುತ್ತಾರೆ. ಒಂದೇ ದೊಡ್ಡ ಟ್ಯೂಬಿನಲ್ಲಿ ಇಟ್ಟರೆ ಪ್ರತಿ ಸಲ ಎಲ್ಲವನ್ನೂ ಕರಗಿಸಿ ಮತ್ತೆ ಗಟ್ಟಿ ಮಾಡಬೇಕಾಗುತ್ತದೆ, ಸ್ಯಾಂಪಲ್ ಕೆಡುತ್ತದೆ.

ನಿಮ್ಮ ಅಪ್ಪಾಜಿ ಹೇಳಿದ ಫ್ರಿಜ್ ಕಾಯುವ ಕೆಲಸವೂ ಇದೆ. ಏಪ್ರಿಲ್‌ನಲ್ಲಿ ನಮ್ಮ ದಾವಣಗೆರೆಯ ಬಿಸಿಲು, ಮೇಲೆ ಕರೆಂಟ್ ಹೋಗುವುದು. ಜನರೇಟರ್ ತಾನಾಗಿ ಆನ್ ಆಗಲಿಲ್ಲ ಅಂದರೆ ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿ ಫ್ರೀಜರ್ ಬಾಗಿಲಿಗೇ ಅಂಟಿಸಿರಬೇಕು. ಹೋದ ದಿನ ಮೊದಲು ಅದನ್ನು ನೋಡು. ಅದಿದ್ದರೆ ಒಳ್ಳೆಯ ಜಾಗ ಅಂತ ತಿಳಿ.

ಕೋಟೆನಾಡು

ಚಿತ್ರದುರ್ಗದಿಂದ ಕೇಳುತ್ತಿದ್ದೇನೆ, ನಾನು ಈ ಲೈನಿನವನಲ್ಲ. ಬ್ಲಡ್ ಬ್ಯಾಂಕಿಗೂ ಇದಕ್ಕೂ ಏನು ವ್ಯತ್ಯಾಸ? ನಾನು ವರ್ಷಕ್ಕೆ ಎರಡು ಸಲ ರಕ್ತ ಕೊಡುತ್ತೇನೆ. ಅದರಲ್ಲೂ ಸಂಶೋಧನೆಗೆ ತೆಗೆದಿಡುತ್ತಾರಾ?

ಪೆಥಾಲಜಿ ಮೇಷ್ಟ್ರು

ಕೋಟೆನಾಡು ಅವರೇ, ಎರಡೂ ಬೇರೆ. ಬ್ಲಡ್ ಬ್ಯಾಂಕಿನ ರಕ್ತ ರೋಗಿಯ ಮೈಗೆ ಏರಿಸಲಿಕ್ಕೆ. ಕೆಂಪು ಕಣ ಬೇರ್ಪಡಿಸಿ ಇಟ್ಟರೂ 42 ದಿನ ದಾಟುವುದಿಲ್ಲ. ಬಯೋಬ್ಯಾಂಕಿನದು ಯಾರಿಗೂ ಏರಿಸುವುದಿಲ್ಲ. ಅದು ಹತ್ತು ಇಪ್ಪತ್ತು ವರ್ಷ ಇರುತ್ತದೆ. ಜೊತೆಗೆ ಕೊಟ್ಟವರ ವಯಸ್ಸು, ಕಾಯಿಲೆ, ಔಷಧಿ, ಚಟ, ಆಮೇಲೆ ಏನಾಯಿತು ಅನ್ನುವ ವಿವರವೂ ಇರುತ್ತದೆ. ವಿವರ ಇಲ್ಲದ ಟ್ಯೂಬಿಗೆ ಬೆಲೆಯಿಲ್ಲ.

ದೊಡ್ಡ ಉದಾಹರಣೆ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್. 2006ರಿಂದ 2010ರವರೆಗೆ 40ರಿಂದ 69 ವರ್ಷದ ಐದು ಲಕ್ಷ ಜನರನ್ನು ಸೇರಿಸಿಕೊಂಡರು. ನಮ್ಮ ರಾಜ್ಯದಲ್ಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಬ್ಯಾಂಕ್ ನಡೆಯುತ್ತಿದೆ. ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಮಾಡುತ್ತಿದ್ದಾರೆ. ನಮ್ಮ ದೇಶದವರ ಡಿಎನ್‌ಎ ಓದುವ ಜೀನೋಮ್ ಇಂಡಿಯಾ ಯೋಜನೆಯ 20,000 ರಕ್ತದ ಸ್ಯಾಂಪಲ್‌ಗಳು ಇರುವುದೂ ಅದೇ ಕೇಂದ್ರದಲ್ಲಿ.

ನಮ್ಮ ಜಿಲ್ಲೆಗೆ ಇದು ಯಾಕೆ ಬೇಕು? ಚನ್ನಗಿರಿ ಕಡೆ ಅಡಿಕೆ ತೋಟ, ಊರೆಲ್ಲ ಗುಟ್ಕಾ. ಅಡಿಕೆಯೊಂದೇ, ತಂಬಾಕು ಸೇರದಿದ್ದರೂ, ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಬಾಯಿ ತೆರೆಯಲು ಆಗದೆ ಎರಡು ಬೆರಳು ಕೂಡ ಹೋಗದ ಹುಡುಗರು ಬರುತ್ತಾರೆ. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸು. ಬಾಯೊಳಗೆ ಹೀಗೆ ಗಟ್ಟಿಯಾದ ಚರ್ಮದಲ್ಲಿ ಯಾರದ್ದು ಕ್ಯಾನ್ಸರ್ ಆಗುತ್ತದೆ, ಯಾರದ್ದು ಆಗುವುದಿಲ್ಲ? ಇದನ್ನು ಹೇಳಬೇಕಾದರೆ ಇದೇ ಜನರ ಸ್ಯಾಂಪಲ್ ಬೇಕು. ಅಮೆರಿಕದವರ ಟ್ಯೂಬಿನಲ್ಲಿ ನಮ್ಮ ಅಡಿಕೆ ಇಲ್ಲ. ಚಿತ್ರದುರ್ಗದ ಕೊಳವೆಬಾವಿ ನೀರಿನ ಫ್ಲೋರೈಡ್ ವಿಷಯಕ್ಕೂ ಇದೇ ಮಾತು.

ಹರಿಹರದ ಹುಡುಗಿಗೆ ಒಂದು ಮಾತು. ಆಪರೇಷನ್ ಥಿಯೇಟರ್‌ನಿಂದ ಗಡ್ಡೆ ಬರುವಾಗ ಗಡಿಯಾರ ನೋಡುವುದನ್ನು ಕಲಿತುಕೊಳ್ಳಮ್ಮ. ರಕ್ತನಾಳ ಕತ್ತರಿಸಿದ ಗಳಿಗೆಯಿಂದ ಆ ತುಣುಕಿನೊಳಗೆ ಎಲ್ಲ ಬದಲಾಗಲು ಶುರುವಾಗುತ್ತದೆ. ಜೀವಕೋಶದೊಳಗೆ ಡಿಎನ್‌ಎಯ ಸಂದೇಶ ಒಯ್ಯುವ ಆರ್‌ಎನ್‌ಎ ಬೇಗ ಮುರಿಯುತ್ತದೆ. ಸ್ತನ ಕ್ಯಾನ್ಸರ್ ತುಣುಕು ಒಂದು ಗಂಟೆಯೊಳಗೆ ಅದನ್ನು ಕೆಡದಂತೆ ಇಡುವ ಫಾರ್ಮಾಲಿನ್ ದ್ರವಕ್ಕೆ ಬೀಳಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ವಾರ್ಡ್ ಬಾಯ್ ಟೀ ಕುಡಿದು ತಂದರೆ ಆ ಹೊತ್ತೂ ಸೇರುತ್ತದೆ. ನೀನು ಅವನನ್ನು ಬೈಯಬೇಡ, ಹೊತ್ತನ್ನು ಬರೆ.

ಭದ್ರಾ ನಾಲೆ

ನೀವೆಲ್ಲ ಓದಿದವರು, ಒಳ್ಳೆಯ ಮಾತೇ ಆಡುತ್ತಿದ್ದೀರಿ. ನಾನು ರೋಗಿ ಕಡೆಯವನು.

ಎರಡು ವರ್ಷದ ಹಿಂದೆ ನಮ್ಮ ಅವ್ವನಿಗೆ ಆಪರೇಷನ್ ಆಯಿತು. ಎಲ್ಲಿ ಅಂತ ಹೇಳುವುದಿಲ್ಲ. ಸ್ಟ್ರೆಚರ್ ಮೇಲೆ ಮಲಗಿಸಿದ ಮೇಲೆ ಐದಾರು ಹಾಳೆ ತಂದು "ಇಲ್ಲಿ, ಇಲ್ಲಿ, ಇಲ್ಲಿ" ಅಂತ ಬೆರಳಿಟ್ಟು ತೋರಿಸಿ ನನ್ನ ಹತ್ತಿರ ಸಹಿ ಹಾಕಿಸಿಕೊಂಡರು. ಅವ್ವನ ಹೆಬ್ಬೆಟ್ಟು ಒತ್ತಿಸಿದರು. ತಿಂಗಳಾದ ಮೇಲೆ ಮನೆಯಲ್ಲಿ ಕಾಗದ ತೆಗೆದು ನೋಡಿದರೆ ಒಂದು ಹಾಳೆ ಇಂಗ್ಲಿಷಿನಲ್ಲಿ. ಅಕ್ಕನ ಮಗ ಓದಿ ಹೇಳಿದ, "ಮಾವ, ಅಜ್ಜಿ ಗಡ್ಡೆ ಸಂಶೋಧನೆಗೆ ಇಟ್ಟುಕೊಳ್ಳೋಕೆ ಒಪ್ಪಿಗೆ ಕೊಟ್ಟಿದ್ದೀರಿ" ಅಂತ.

ಕೇಳಿದ್ದರೆ ಕೊಡುತ್ತಿದ್ದೆವು. ಅವ್ವ ಯಾರಿಗೂ ಇಲ್ಲ ಅಂದವಳಲ್ಲ. ಕೇಳಲಿಲ್ಲ ಅನ್ನುವುದೇ ನೋವು. ಆ ದಿನ ಬೇಡ ಅಂದಿದ್ದರೆ ಆಪರೇಷನ್ ನಿಲ್ಲಿಸುತ್ತಾರೆ ಅಂದುಕೊಂಡೇ ಸಹಿ ಮಾಡಿದ್ದೆ.

ತಂಗಿ, ನೀನು ಹೋಗುವ ಜಾಗದಲ್ಲಿ ಹೀಗೆ ಮಾಡಿಸಿದರೆ ದಯವಿಟ್ಟು ಮಾಡಬೇಡ.

ವಾರ್ಡಿನ ಅಕ್ಕ

ಭದ್ರಾ ನಾಲೆ ಅಣ್ಣ, ಓದಿ ಮನಸ್ಸಿಗೆ ಬಹಳ ಕಷ್ಟವಾಯಿತು. ನಾನು ಮೊದಲು ನರ್ಸ್, ಈಗ ಸಂಶೋಧನೆಗೆ ಒಪ್ಪಿಗೆ ಪಡೆಯುವ ಕೌನ್ಸೆಲರ್. ನಿಮಗೆ ಆದದ್ದು ತಪ್ಪು. ಸಣ್ಣ ತಪ್ಪಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಬಯೋಬ್ಯಾಂಕಿಗೇ ಒಂದು ಅಧ್ಯಾಯ ಇದೆ. ಸ್ಯಾಂಪಲ್‌ನ ಒಡೆತನ ಕೊಟ್ಟವರದ್ದು, ಆಸ್ಪತ್ರೆ ಅದನ್ನು ಜೋಪಾನ ಮಾಡುವವರು ಮಾತ್ರ. ಒಪ್ಪಿಗೆಯ ಮಾತು ಕೊಡುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವರಾದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿ ಒಬ್ಬರು ಕೂತು ಕೇಳಿಸಿಕೊಂಡು ಸಹಿ ಮಾಡಬೇಕು. ಬೇಡ ಅಂದರೂ ಚಿಕಿತ್ಸೆಗೆ ಏನೂ ಆಗಬಾರದು. ಒಪ್ಪಿಗೆ ಕೊಟ್ಟ ಮೇಲೂ ಅದನ್ನು ವಾಪಸ್ ತೆಗೆದುಕೊಳ್ಳಬಹುದು. ನೀವು ಈಗಲೂ ಅಲ್ಲಿನ ಎಥಿಕ್ಸ್ ಕಮಿಟಿಗೆ, ಅಂದರೆ ಸಂಶೋಧನೆ ನ್ಯಾಯವಾಗಿ ನಡೆಯುತ್ತಿದೆಯಾ ಅಂತ ನೋಡುವ ಸಮಿತಿಗೆ, ಪತ್ರ ಬರೆಯಬಹುದು. ಫಾರಂ ಮೇಲೆ ಅವರ ವಿಳಾಸ ಇರಬೇಕು. ಬೇಕಾದರೆ ಪತ್ರ ಬರೆಯಲು ನಾನು ಜೊತೆಗೆ ಕೂರುತ್ತೇನೆ.

ಕೇಳದೆ ತೆಗೆದುಕೊಂಡ ಕಥೆ ಜಗತ್ತಿನಲ್ಲಿ ಹಳೆಯದು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನುವ ಹೆಣ್ಣುಮಗಳ ಗಡ್ಡೆಯಿಂದ ಜೀವಕೋಶ ತೆಗೆದರು. ಹೀಲಾ ಅಂತ ಹೆಸರಿಟ್ಟು ಇವತ್ತಿಗೂ ಬೆಳೆಸುತ್ತಿದ್ದಾರೆ. ಆಕೆ ಅದೇ ವರ್ಷ ತೀರಿಕೊಂಡಳು. ಮನೆಯವರಿಗೆ ಗೊತ್ತಾದದ್ದು ಇಪ್ಪತ್ತು ವರ್ಷದ ಮೇಲೆ.

ನಾನು ಆಪರೇಷನ್ ದಿನ ಯಾರನ್ನೂ ಕೇಳುವುದಿಲ್ಲ. ಹಿಂದಿನ ದಿನ, ಊಟ ಆದ ಮೇಲೆ, ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ನಿಂತುಕೊಂಡು ಕೇಳಿದರೆ ಅಪ್ಪಣೆ ಕೊಟ್ಟ ಹಾಗಿರುತ್ತದೆ.

ಭದ್ರಾ ನಾಲೆ

ಪತ್ರ ಬರೆಯೋಣ ಅಕ್ಕ. ಅವ್ವನನ್ನು ಕೇಳಿ ಹೇಳುತ್ತೇನೆ. ವಾಪಸ್ ಬೇಕು ಅಂತಲ್ಲ, ಇನ್ನೊಬ್ಬರಿಗೆ ಹೀಗಾಗಬಾರದು ಅಂತ.

ಮೈನಸ್ ಎಂಬತ್ತು

ನಾನೂ ಇಂಥದೇ ಇಂಟರ್ನ್‌ಶಿಪ್ ಮಾಡಿದವಳು. ಆರು ವರ್ಷ ಆಯಿತು, ಈಗ ಬೆಂಗಳೂರಿನಲ್ಲಿ ಕ್ಲಿನಿಕಲ್ ಟ್ರಯಲ್ ಕೆಲಸ. ಒಂದು ಘಟನೆ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತೇನೆ.

ಒಂದು ದಿನ ಒಪಿಡಿ ತುಂಬಾ ರಶ್. ಹನ್ನೊಂದು ಗಂಟೆಗೆ ತೆಗೆದ ಎಂಟು ಟ್ಯೂಬ್ ಟ್ರೇನಲ್ಲೇ ಉಳಿದವು. ನಾನು ನೋಡಿದಾಗ ಎರಡೂವರೆ. ನಿಯಮ ಇದ್ದದ್ದು ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಆಗಬೇಕು ಅಂತ. ಸೀನಿಯರ್ ಒಬ್ಬರು, "ಒಂದೂವರೆಗೆ ತೆಗೆದದ್ದು ಅಂತ ಬರಿ, ಯಾರಿಗೆ ಗೊತ್ತಾಗುತ್ತೆ" ಅಂದರು. ನಾನು ಬರೆದೆ.

ರಾತ್ರಿ ನಿದ್ದೆ ಬರಲಿಲ್ಲ. ಟ್ಯೂಬಿನಲ್ಲಿ ಬಿಟ್ಟ ರಕ್ತ ಸುಮ್ಮನೆ ಕೂತಿರುವುದಿಲ್ಲ ಅಂತ ಕ್ಲಾಸಿನಲ್ಲಿ ಓದಿದ್ದೆ. ಕಣಗಳು ಸಕ್ಕರೆ ತಿನ್ನುತ್ತಾ ಇರುತ್ತವೆ, ಗಂಟೆಗೆ ಸುಮಾರು ನೂರಕ್ಕೆ 5ರಿಂದ 7ರಷ್ಟು. ಪೊಟ್ಯಾಶಿಯಂ ಹೊರಗೆ ಸೋರುತ್ತದೆ. ಐದು ವರ್ಷದ ಮೇಲೆ ಯಾರೋ ಆ ಎಂಟು ವಯಲ್ ತೆಗೆದು ನೋಡಿ, ಈ ಜನರಲ್ಲಿ ಸಕ್ಕರೆ ಕಡಿಮೆ ಅಂತ ಬರೆಯುತ್ತಾರೆ. ಅವರಿಗೆ ನನ್ನ ಸುಳ್ಳು ಕಾಣುವುದೇ ಇಲ್ಲ.

ಬೆಳಿಗ್ಗೆ ಹೋಗಿ ಗೈಡ್‌ಗೆ ಹೇಳಿದೆ. ಕೈ ನಡುಗುತ್ತಿತ್ತು. ಅವರು ಬೈಯಲಿಲ್ಲ, ಸ್ಯಾಂಪಲ್ ಎಸೆಯಲೂ ಇಲ್ಲ. ನಿಜವಾದ ಹೊತ್ತು ಬರೆಸಿ, ತಡವಾದದ್ದು ಅಂತ ಗುರುತು ಹಾಕಿಸಿದರು. ಆಗಲೇ ನನಗೆ ತಿಳಿದದ್ದು, ಸ್ಯಾಂಪಲ್ ಹೇಗೆ ತೆಗೆದರು, ಎಷ್ಟು ಹೊತ್ತು ಬಿಟ್ಟರು, ಎಲ್ಲಿಟ್ಟರು ಎಂಬುದನ್ನೆಲ್ಲ ಏಳು ಭಾಗದ ಕೋಡ್‌ನಲ್ಲಿ ಬರೆಯುವ ಪದ್ಧತಿ ಇದೆ ಅಂತ. ಸ್ಪ್ರೆಕ್ ಅನ್ನುತ್ತಾರೆ. ತಡವಾದ ರಕ್ತದಿಂದಲೂ ಡಿಎನ್‌ಎ ಚೆನ್ನಾಗೇ ಬರುತ್ತದೆ. ಸಕ್ಕರೆ ಅಳೆಯುವವರು ಮಾತ್ರ ಅದನ್ನು ಮುಟ್ಟುವುದಿಲ್ಲ. ಹೊತ್ತು ನಿಜ ಇದ್ದರೆ ತಡವಾದದ್ದಕ್ಕೂ ಒಂದು ಉಪಯೋಗ ಇರುತ್ತದೆ.

ಈಗಿನ ಕೆಲಸದ ಇಂಟರ್ವ್ಯೂನಲ್ಲಿ ಪಿಸಿಆರ್ ಬಗ್ಗೆ ಒಂದೇ ಪ್ರಶ್ನೆ ಬಂತು. ಸ್ಯಾಂಪಲ್ ತಪ್ಪಾದರೆ ಏನು ಮಾಡುತ್ತೀರಿ ಅಂತ ಇಪ್ಪತ್ತು ನಿಮಿಷ ಕೇಳಿದರು. ನನ್ನ ಹತ್ತಿರ ಉತ್ತರ ಇತ್ತು.

ಪಿ.ಬಿ. ರಸ್ತೆ

ಒಂದು ಎಚ್ಚರಿಕೆ. ಹದಿನೈದು ದಿನಕ್ಕೆ ಎಂಟು ಸಾವಿರ ಕಟ್ಟಿಸಿಕೊಂಡು ಸರ್ಟಿಫಿಕೇಟ್ ಕೊಡುವವರೂ ಇದ್ದಾರೆ. ನನ್ನ ತಮ್ಮ ಕಟ್ಟಿದ, ಪಿಪೆಟ್ ಮುಟ್ಟಲೂ ಬಿಡಲಿಲ್ಲ. ಸ್ಟೈಪೆಂಡ್ ಇಲ್ಲದಿದ್ದರೂ ದುಡ್ಡು ಕೇಳುತ್ತಿಲ್ಲ ಅಂದರೆ ಅದು ಬೇರೆ. ಕಾಲೇಜಿನಿಂದ ಪತ್ರ, ಗೈಡ್ ಯಾರು, ಏನು ಕಲಿಸುತ್ತಾರೆ ಅನ್ನುವುದು ಬರಹದಲ್ಲಿ ಇರಲಿ.

ಹರಿಹರದ ಹುಡುಗಿ

ಐದು ವಾರ ಆಯಿತು. ಎಲ್ಲರಿಗೂ ಧನ್ಯವಾದ. ಲಸಿಕೆ ಎರಡು ಡೋಸ್ ಆಯಿತು. ಫ್ರೀಜರ್ ಬಾಗಿಲ ಮೇಲೆ ಪಟ್ಟಿ ಇತ್ತು, ಐದು ಜನರ ನಂಬರ್. ನೇರಳೆ ಮುಚ್ಚಳ ಅಣ್ಣ, ರೋಟರ್ ತ್ರಿಜ್ಯ 14 ಸೆಂ.ಮೀ. ಕೆಲಸ ಮಾಡುವ ಕ್ರಮ ಬರೆದಿಟ್ಟ ಎಸ್‌ಒಪಿ ಪುಸ್ತಕದಲ್ಲಿ ಆರ್‌ಪಿಎಂ ಮಾತ್ರ ಇತ್ತು, ಈಗ ಪಕ್ಕದಲ್ಲಿ ಜಿ ಲೆಕ್ಕವನ್ನೂ ಸೇರಿಸಿದ್ದಾರೆ.

ಟ್ಯೂಬಿಗಿಂತ ಜಾಸ್ತಿ ನನ್ನ ತಲೆ ತಿನ್ನುತ್ತಿರುವುದು ಒಪ್ಪಿಗೆಯ ಫಾರಂ. ಕನ್ನಡದಲ್ಲೇ ಇದೆ. ಆದರೆ ಹೀಗಿದೆ: "ತಮ್ಮ ಜೈವಿಕ ಮಾದರಿಗಳನ್ನು ಭವಿಷ್ಯದ ಸಂಶೋಧನಾ ಉದ್ದೇಶಗಳಿಗಾಗಿ ಸಂಗ್ರಹಿಸಲು ಸ್ವಯಂಪ್ರೇರಿತವಾಗಿ ಸಮ್ಮತಿಸಿರುತ್ತೀರಿ." ಜಗಳೂರಿನ ಒಬ್ಬ ಅಜ್ಜಿಗೆ ಇದನ್ನು ಓದಿ ಹೇಳಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು ಕೇಳಿದರು: "ಬ್ಯಾಂಕಿನಾಗೆ ಇಟ್ಟದ್ದು ಬೇಕಂದ್ರೆ ವಾಪಸ್ ಕೊಡ್ತಾರಲ್ಲವ್ವಾ. ಇದನ್ನೂ ಕೊಡ್ತಾರೇನು?"

ನನಗೆ ಗಂಟಲು ಕಟ್ಟಿತು. ಆ ಫಾರಂನ ನಾಲ್ಕನೇ ಪುಟದಲ್ಲಿ ಇದಕ್ಕೆ ಉತ್ತರ ಇದೆ, ಅಜ್ಜಿಗೆ ತಿಳಿಯುವ ಹಾಗೆ ಇಲ್ಲ. ಗೈಡ್ ಮೇಡಂಗೆ ಹೇಳಿದೆ. "ನೀನೇ ಬದಲಾಯಿಸುವ ಹಾಗಿಲ್ಲ, ಆದರೆ ಕರಡು ಬರೆದು ಕೊಡು, ಎಥಿಕ್ಸ್ ಕಮಿಟಿ ಮುಂದೆ ಇಡುತ್ತೇನೆ" ಅಂದರು. ನೀವೆಲ್ಲ ಸಹಾಯ ಮಾಡುತ್ತೀರಾ? ನಾನು ಬರೆದದ್ದು ಇಷ್ಟು:

"ನಿಮ್ಮ ಪರೀಕ್ಷೆಗೆ ರಕ್ತ ತೆಗೆಯುವಾಗಲೇ ಇನ್ನೂ ಎರಡು ಚಮಚದಷ್ಟು ತೆಗೆದು ಎತ್ತಿಡುತ್ತೇವೆ. ಇದನ್ನು ಯಾರಿಗೂ ಏರಿಸುವುದಿಲ್ಲ, ಮಾರುವುದಿಲ್ಲ. ಕಾಯಿಲೆ ಯಾಕೆ ಬರುತ್ತದೆ ಎಂದು ತಿಳಿಯಲು ಬಳಸುತ್ತೇವೆ. ಟ್ಯೂಬಿನ ಮೇಲೆ ನಿಮ್ಮ ಹೆಸರು ಇರುವುದಿಲ್ಲ, ನಂಬರ್ ಇರುತ್ತದೆ. ಬೇಡ ಅಂದರೂ ನಿಮ್ಮ ಚಿಕಿತ್ಸೆ ಹೀಗೇ ನಡೆಯುತ್ತದೆ. ಮುಂದೆ ಯಾವಾಗ ಬೇಡ ಅನ್ನಿಸಿದರೂ ಹೇಳಿ, ಉಳಿದದ್ದನ್ನು ನಾಶ ಮಾಡುತ್ತೇವೆ."

ವಾರ್ಡಿನ ಅಕ್ಕ

ಬಹಳ ಚೆನ್ನಾಗಿದೆ ಕಣಮ್ಮ. ಎರಡು ಕಡೆ ಕೈ ಹಾಕುತ್ತೇನೆ. "ಬೇಡ ಅಂದರೂ" ಸಾಲು ಮೊದಲಿಗೆ ಬರಲಿ. ಜನಕ್ಕೆ ಆ ಭಯ ಹೋದ ಮೇಲೇ ಉಳಿದದ್ದು ಕಿವಿಗೆ ಬೀಳುವುದು. ಇನ್ನೊಂದು, ಈಗಾಗಲೇ ಬಳಸಿದ್ದನ್ನು ವಾಪಸ್ ತರಲು ಆಗುವುದಿಲ್ಲ ಅಂತ ಹೇಳಲೇಬೇಕು. ಅಜ್ಜಿ ಕೇಳಿದ್ದು ಅದನ್ನೇ.

ಭದ್ರಾ ನಾಲೆ

ಆ ನಂಬರ್ ಯಾರದು ಅಂತ ಯಾರಿಗೆ ಗೊತ್ತಿರುತ್ತದೆ ಅನ್ನುವುದನ್ನೂ ಬರಿ ತಂಗಿ. ಯಾರಿಗೂ ಗೊತ್ತಿಲ್ಲ ಅಂದರೆ ವಾಪಸ್ ಕೇಳಿದಾಗ ಹುಡುಕುವುದು ಹೇಗೆ?

ಪೆಥಾಲಜಿ ಮೇಷ್ಟ್ರು

ಇದು ಸರಿಯಾದ ಪ್ರಶ್ನೆ. ನಂಬರ್, ಹೆಸರು ಎರಡನ್ನೂ ಕೂಡಿಸುವ ಪಟ್ಟಿ ಬೇರೆ ಕಡೆ ಬೀಗದಲ್ಲಿರುತ್ತದೆ, ಬಯೋಬ್ಯಾಂಕಿನ ಜವಾಬ್ದಾರರಿಗೆ ಮಾತ್ರ ಸಿಗುತ್ತದೆ. ಸಂಶೋಧನೆ ಮಾಡುವವರಿಗೆ ಕೊಡುವುದಿಲ್ಲ. ಅದನ್ನು ಹೀಗೇ ಬರೆಯಮ್ಮ. "ಮಾರುವುದಿಲ್ಲ" ಅನ್ನುವುದನ್ನು ಮೇಡಂ ಹತ್ತಿರ ಖಚಿತ ಮಾಡಿಕೋ. ಮುಂದೆ ಔಷಧಿ ಕಂಪನಿ ಜೊತೆ ಸೇರಿ ಕೆಲಸ ಮಾಡುವ ಯೋಚನೆ ಇದ್ದರೆ ಅದೂ ಈ ಹಾಳೆಯಲ್ಲಿ ಇರಬೇಕು.

ಹರಿಹರದ ಹುಡುಗಿ

ಎಲ್ಲವನ್ನೂ ಸೇರಿಸಿದೆ. ಕಂಪನಿ ವಿಷಯ ಮೇಡಂ ಹೇಳಿದ ಹಾಗೆ ಬರೆದೆ: ಕೊಡಬೇಕಾಗಿ ಬಂದರೆ ಎಥಿಕ್ಸ್ ಕಮಿಟಿ ಒಪ್ಪಬೇಕು, ಅದಕ್ಕೆ ಬೇಡ ಅನ್ನುವವರು ಅದೊಂದಕ್ಕೇ ಬೇಡ ಅಂತ ಗುರುತು ಹಾಕಬಹುದು.

ರಾತ್ರಿ ಅಪ್ಪಾಜಿಗೆ ಓದಿ ಹೇಳಿದೆ. ಕನ್ನಡಕ ಹಾಕಿಕೊಂಡು ಹಾಳೆ ಕೈಗೆ ತೆಗೆದುಕೊಂಡು ಇನ್ನೊಂದು ಸಲ ತಾವೇ ಓದಿದರು. "ನಾಶ ಮಾಡುತ್ತೇವೆ ಅಂದರೆ ಹೇಗೆ ಮಾಡ್ತೀರಿ?" ಅಂದರು. ಹಳದಿ ಚೀಲಕ್ಕೆ ಹಾಕಿ ಸುಡಲು ಕಳಿಸುತ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾವು ಮಣ್ಣು ಮಾಡೋ ಜನ. ಸುಡ್ತಾರೆ ಅಂದರೆ ನಮ್ಮ ಕಡೆ ಎಷ್ಟೋ ಜನಕ್ಕೆ ಬೇಸರ ಆಗುತ್ತೆ. ಆದರೂ ಬರಿ. ಗೊತ್ತಿದ್ದು ಕೊಡಲಿ. ನಾಶ ಅನ್ನೋದು ಮಾತ್ರ ತೆಗಿ, ಯಾರದೋ ಮೈಯಿಂದ ಬಂದದ್ದು."

ಕೊನೆಯ ಸಾಲು ಅವರು ಹೇಳಿದಂತೆ ಹೀಗಾಯಿತು: "ಮುಂದೆ ಯಾವಾಗ ಬೇಡ ಅನ್ನಿಸಿದರೂ ಹೇಳಿ. ಅಷ್ಟರಲ್ಲಿ ಬಳಸಿದ್ದನ್ನು ವಾಪಸ್ ತರಲು ಆಗುವುದಿಲ್ಲ. ಉಳಿದದ್ದನ್ನು ಬೇರೆ ಯಾರಿಗೂ ಕೊಡದೆ, ಆಸ್ಪತ್ರೆಯ ನಿಯಮದಂತೆ ಸುಡಲು ಕಳಿಸಿ, ಕಳಿಸಿದ್ದೇವೆ ಎಂದು ನಿಮಗೆ ತಿಳಿಸುತ್ತೇವೆ."

"ತಿಳಿಸುತ್ತೇವೆ" ಅನ್ನುವುದು ಅಪ್ಪಾಜಿಯೇ ಸೇರಿಸಿದ್ದು. ನಾಳೆ ಎಂಟು ಗಂಟೆ ಬಸ್ಸಿಗೆ ಹೋಗಿ ಮೇಡಂಗೆ ಕೊಡುತ್ತೇನೆ. ಕಮಿಟಿ ಸೇರುವುದು ಮುಂದಿನ ತಿಂಗಳು.